ನಕ್ಷೆ ಪಕ್ಕಕ್ಕಿಡಿ, ಮಾತಿಗೆ ಜಾಗ ಬಿಡಿ

ಪ್ರಶ್ನೆ: ನಾನು ಶಿವಮೊಗ್ಗದಲ್ಲಿ ಆಪ್ತಸಮಾಲೋಚಕಿ. ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಓದುತ್ತಿರುವ ಮಗ ಪ್ರತಿ ಶನಿವಾರ ರಾತ್ರಿ ಗೆಳೆಯರ ಜೊತೆ ಆನ್‌ಲೈನಿನಲ್ಲಿ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಆಡುತ್ತಾನೆ. ಅದಕ್ಕೆಂದೇ ‘ವರ್ಚುವಲ್ ಟೇಬಲ್‌ಟಾಪ್’ ಅನ್ನುವ ಸಾಫ್ಟ್‌ವೇರ್ ಇದೆಯಂತೆ. ಇಂಥ ಆಟವನ್ನು ಚಿಕಿತ್ಸೆಗೂ ಬಳಸುತ್ತಾರೆಂದು ಅವನೇ ಹೇಳಿದ. ನನ್ನ ಬಳಿ ಬರುವ 13ರಿಂದ 16 ವರ್ಷದ ಐದು ಮಕ್ಕಳಿಗೆ ನಾಲ್ಕು ಜನರ ನಡುವೆ ಬಾಯಿ ಬಿಡುವುದೇ ಕಷ್ಟ. ಐವರೂ ಬೇರೆ ಬೇರೆ ಊರಿನವರು. ಇವರಿಗಾಗಿ ಒಂದು ಗುಂಪು ಶುರು ಮಾಡಬಹುದೇ? ಮಗ ಬಳಸುವ ಸಾಫ್ಟ್‌ವೇರೇ ಸಾಕೇ, ಬೇರೆ ಕೊಳ್ಳಬೇಕೇ? ಇದೂ ಒಂದು ಮೊಬೈಲ್ ಚಟವಾದೀತೆಂಬ ಭಯವೂ ಇದೆ.

ಉತ್ತರ: ಶುರು ಮಾಡಬಹುದು. ಆದರೆ ಮಗನ ಸಾಫ್ಟ್‌ವೇರನ್ನು ಹಾಗೇ ಎತ್ತಿ ತರಬೇಡಿ. ಅದು ಕೆಟ್ಟದ್ದೆಂದಲ್ಲ, ಅವನ ಮೇಜಿಗೆ ಬೇಕಾದದ್ದು ಬೇರೆ, ನಿಮ್ಮ ಮೇಜಿಗೆ ಬೇಕಾದದ್ದು ಬೇರೆ. ಮೋಜಿನ ಆಟದಲ್ಲಿ ಸವಲತ್ತು ಸೇರಿಸುತ್ತ ಹೋದಷ್ಟೂ ಖುಷಿ ಹೆಚ್ಚು. ಚಿಕಿತ್ಸೆಯ ಗುಂಪಿನಲ್ಲಿ ಒಂದೊಂದೇ ಸವಲತ್ತು ತೆಗೆಯುತ್ತ ಹೋಗಬೇಕು. ಇದನ್ನು ನಾನು ಕೈ ಸುಟ್ಟುಕೊಂಡೇ ಕಲಿತದ್ದು.

ನನ್ನ ಅರ್ಹತೆಯನ್ನು ಮೊದಲೇ ಹೇಳಿಬಿಡುತ್ತೇನೆ: ನಾನು ವೈದ್ಯನಲ್ಲ. ಹನ್ನೆರಡು ವರ್ಷದಿಂದ ಇಂಥ ಆಟ ನಡೆಸುತ್ತಿದ್ದೇನೆ, ಈಚಿನ ಎರಡು ವರ್ಷ ಒಬ್ಬ ಕ್ಲಿನಿಕಲ್ ಸೈಕಾಲಜಿಸ್ಟ್ ಜೊತೆ ಕೂತು ಹದಿಹರೆಯದವರ ಗುಂಪೊಂದಕ್ಕೆ ಆಟ ಕಟ್ಟಿಕೊಟ್ಟಿದ್ದೇನೆ. ಚಿಕಿತ್ಸೆಯ ಭಾಗ ಅವರದು, ಮೇಜಿನ ಭಾಗ ನನ್ನದು. ಮಕ್ಕಳ ಗುರುತು ಸಿಗದಂತೆ ಇಲ್ಲಿ ವಿವರಗಳನ್ನು ಬದಲಿಸಿದ್ದೇನೆ.

ಆಟ ಅಂದರೆ ಏನು ಅನ್ನುವುದಕ್ಕೆ ನಮ್ಮ ಕಡೆಯವರಿಗೆ ತಾಳಮದ್ದಳೆಯ ಹೋಲಿಕೆ ಸಾಕು. ವೇಷವಿಲ್ಲ, ಕುಣಿತವಿಲ್ಲ, ಕೂತಲ್ಲೇ ಅರ್ಥಧಾರಿ ಕರ್ಣನಾಗಿ, ಕೃಷ್ಣನಾಗಿ ಮಾತಾಡುತ್ತಾನೆ, ಆ ಮಾತನ್ನು ಯಾರೂ ಬರೆದುಕೊಟ್ಟಿರುವುದಿಲ್ಲ. ಭಾಗವತರು ಪ್ರಸಂಗವನ್ನು ಮುಂದಕ್ಕೆ ಒಯ್ಯುತ್ತಾರೆ. ಇಲ್ಲಿ ಭಾಗವತರ ಜಾಗದಲ್ಲಿ ‘ಗೇಮ್ ಮಾಸ್ಟರ್’, ಚಿಕ್ಕದಾಗಿ ಜಿಎಂ, ಇರುತ್ತಾನೆ. ಒಂದೇ ದೊಡ್ಡ ವ್ಯತ್ಯಾಸ: ತಾಳಮದ್ದಳೆಯಲ್ಲಿ ಕರ್ಣ ಎಷ್ಟೇ ಚೆನ್ನಾಗಿ ವಾದಿಸಿದರೂ ಕೊನೆಗೆ ಅವನ ರಥದ ಚಕ್ರ ಹೂಳಲೇಬೇಕು. ಇಲ್ಲಿ ಚಕ್ರ ಹೂಳುತ್ತದೋ ಇಲ್ಲವೋ ಅನ್ನುವುದನ್ನು 20 ಮುಖದ ದಾಳ ತೀರ್ಮಾನಿಸುತ್ತದೆ. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಅಮೆರಿಕದಲ್ಲಿ ಹೊರತಂದ ಆಟ ಇದು. ಮೇಜು, ಕಾಗದ, ಪೆನ್ಸಿಲ್, ದಾಳ ಇದ್ದರೆ ಮುಗಿಯಿತು. ವರ್ಚುವಲ್ ಟೇಬಲ್‌ಟಾಪ್ ಅನ್ನುವುದು ಆ ಮೇಜನ್ನು ಪರದೆಗೆ ತಂದ ಸಾಫ್ಟ್‌ವೇರ್. ಎಲ್ಲರಿಗೂ ಒಂದೇ ನಕ್ಷೆ ಕಾಣುತ್ತದೆ, ಪಾತ್ರಕ್ಕೊಂದು ಬಿಲ್ಲೆ ಇರುತ್ತದೆ, ದಾಳ ಉರುಳಿಸಿದರೆ ಎಲ್ಲರ ಕಣ್ಣೆದುರೇ ಸಂಖ್ಯೆ ಬೀಳುತ್ತದೆ. ಇದು ವಿಡಿಯೊ ಗೇಮ್ ಅಲ್ಲ. ಯಾರೂ ಮಾತಾಡದಿದ್ದರೆ ಇಲ್ಲಿ ಏನೂ ನಡೆಯುವುದಿಲ್ಲ.

ಮಗನ ಮೇಜಿನ ವಿಷಯ ಬೇಗ ಮುಗಿಸುತ್ತೇನೆ. ಇಂಥ ಸಾಫ್ಟ್‌ವೇರುಗಳಲ್ಲಿ ಒಂದು, 2012ರಲ್ಲಿ ಕಿಕ್‌ಸ್ಟಾರ್ಟರ್ ಮೂಲಕ ಜನರಿಂದ ಹಣ ಎತ್ತಿ ಶುರುವಾದ ರೋಲ್20, ಬ್ರೌಸರಿನಲ್ಲೇ ನಡೆಯುತ್ತದೆ. ಉಚಿತ ಖಾತೆಯಲ್ಲೇ ವರ್ಷಗಟ್ಟಲೆ ಆಡಬಹುದು. ಹೆಚ್ಚಿನ ಚಮತ್ಕಾರ ಬೇಕಾದರೆ ಮಾತ್ರ ಚಂದಾ ಕೊಡಬೇಕು. 2020ರಲ್ಲಿ ಬಂದ ‘ಫೌಂಡ್ರಿ’ ಎಂಬ ಇನ್ನೊಂದಕ್ಕೆ ಚಂದಾ ಇಲ್ಲ. ಜಿಎಂ ಒಬ್ಬ ಒಂದು ಸಲ ಸುಮಾರು 50 ಡಾಲರ್ ಕೊಟ್ಟು ಕೊಂಡರೆ ಉಳಿದವರು ಕಾಸು ಬಿಚ್ಚದೆ ಸೇರಿಕೊಳ್ಳಬಹುದು. ಕಂಪ್ಯೂಟರ್ ಗೀಳಿನ ಹುಡುಗರಿಗೆ ಅದು ಸ್ವರ್ಗ. ಆದರೆ ಆಟ ನಡೆಯುವುದು ನಿಮ್ಮದೇ ಕಂಪ್ಯೂಟರಿನಲ್ಲಿ, ಹೊರಗಿನವರು ನಿಮ್ಮ ಮನೆಯ ಇಂಟರ್ನೆಟ್ ಬಾಗಿಲು ದಾಟಿ ಒಳಗೆ ಬರಬೇಕು. ನಮ್ಮ ದೇಶದ ಬಹಳಷ್ಟು ಬ್ರಾಡ್‌ಬ್ಯಾಂಡ್ ಸಂಪರ್ಕಗಳಲ್ಲಿ ನೂರಾರು ಮನೆಗಳಿಗೆ ಇಂಟರ್ನೆಟ್ಟಿನ ಒಂದೇ ಹೊರ ವಿಳಾಸ (ಐಪಿ) ಹಂಚಿರುತ್ತಾರೆ. ಆಗ ರೂಟರಿನಲ್ಲಿ ಏನೇ ತಿರುಚಿದರೂ ಬಾಗಿಲು ತೆರೆಯುವುದಿಲ್ಲ. ಒಂದೋ ಪ್ರತ್ಯೇಕ ವಿಳಾಸಕ್ಕೆ ಹಣ ಕಟ್ಟಬೇಕು, ಇಲ್ಲವೇ ಬಾಡಿಗೆ ಸರ್ವರ್ ಹಿಡಿಯಬೇಕು. ನಿಮ್ಮ ಮಗ ಇದರ ಮೇಲೆ ಒಂದಾದರೂ ಭಾನುವಾರ ಕಳೆದಿರುತ್ತಾನೆ, ಕೇಳಿ ನೋಡಿ.

ಈಗ ನಿಮ್ಮ ಗುಂಪು.

ಆಟವನ್ನು ಮನಸ್ಸಿನ ಚಿಕಿತ್ಸೆಗೆ ಬಳಸುವುದು ಹೊಸತಲ್ಲ. ಪಾತ್ರಾಭಿನಯವನ್ನೇ ಚಿಕಿತ್ಸೆಯಾಗಿ ಬೆಳೆಸಿದ ಮೊರೆನೋ ಅವರ ಸೈಕೋಡ್ರಾಮಾಕ್ಕೆ ನೂರು ವರ್ಷ ದಾಟಿತು. ನೇರವಾಗಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಬಗ್ಗೆಯೇ ಹೇಳುವುದಾದರೆ, ವೇಯ್ನ್ ಬ್ಲ್ಯಾಕ್‌ಮನ್ ಎಂಬ ಮನೋವೈದ್ಯರು ಯಾರೊಂದಿಗೂ ಬೆರೆಯದ ಒಬ್ಬ ಯುವಕನ ಚಿಕಿತ್ಸೆಯಲ್ಲಿ ಈ ಆಟ ಹೇಗೆ ನೆರವಾಯಿತೆಂದು 1994ರಲ್ಲಿ ‘ಅಮೆರಿಕನ್ ಜರ್ನಲ್ ಆಫ್ ಸೈಕೋಥೆರಪಿ’ಯಲ್ಲಿ ಬರೆದರು. ಅದಕ್ಕೂ ಹಿಂದಿನ ದಶಕದಲ್ಲಿ ಅದೇ ದೇಶದಲ್ಲಿ ಇದು ಮಕ್ಕಳನ್ನು ಸೈತಾನನ ಪೂಜೆಗೆ ಎಳೆಯುತ್ತದೆಂದು ದೊಡ್ಡ ಹುಯಿಲೆದ್ದಿತ್ತು ಅನ್ನುವುದು ನೆನಪಿರಲಿ. ನಿಮ್ಮ ಮಕ್ಕಳ ಅಜ್ಜಿಯರು ಪರದೆಯ ಮೇಲೆ ರಾಕ್ಷಸನನ್ನು ಕಂಡು ಹೌಹಾರಿದರೆ ಆಶ್ಚರ್ಯಪಡಬೇಡಿ. ಈಗ ಅಮೆರಿಕದ ವಾಷಿಂಗ್ಟನ್ ರಾಜ್ಯದ ‘ಗೇಮ್ ಟು ಗ್ರೋ’ ಎಂಬ ಲಾಭರಹಿತ ಸಂಸ್ಥೆ ಇದೇ ಕೆಲಸ ಮಾಡುತ್ತದೆ. ಆಟಿಸಂ ಇರುವ ಮಕ್ಕಳ ಒಡನಾಟದ ಕೌಶಲಕ್ಕೆಂದು ‘ಕ್ರಿಟಿಕಲ್ ಕೋರ್’ ಎಂಬ ಆಟದ ಪೆಟ್ಟಿಗೆಯೂ ಬಂದಿದೆ. ಇವುಗಳ ಬಗ್ಗೆ ನಡೆದಿರುವ ಅಧ್ಯಯನಗಳು ಬಹುಪಾಲು ಚಿಕ್ಕ ಗುಂಪುಗಳ ಮೇಲಿನವು, ಹಾಗಾಗಿ ಪೋಷಕರ ಮುಂದೆ ‘ಇದರಿಂದ ವಾಸಿಯಾಗುತ್ತದೆ’ ಅನ್ನಬೇಡಿ. ಆಟ ತಾನಾಗಿಯೇ ಚಿಕಿತ್ಸೆಯಲ್ಲ. ಈ ಮಗುವಿಗೆ ಈ ಮೂರು ತಿಂಗಳಲ್ಲಿ ಏನು ಬರಬೇಕು ಅನ್ನುವ ಗುರಿ, ಅದನ್ನು ಗಮನಿಸುವ ತರಬೇತಾದ ಕಣ್ಣು, ಆಟದ ನಂತರದ ಮಾತುಕತೆ ಇವು ಮೂರೂ ಇದ್ದರೆ ಚಿಕಿತ್ಸೆ. ಇಲ್ಲದಿದ್ದರೆ ಒಳ್ಳೆಯ ಶನಿವಾರ, ಅಷ್ಟೆ. ಒಳ್ಳೆಯ ಶನಿವಾರವೂ ಕಡಿಮೆಯದ್ದೇನಲ್ಲ, ಆದರೆ ಅದಕ್ಕೆ ಚಿಕಿತ್ಸೆಯ ಶುಲ್ಕ ತೆಗೆದುಕೊಳ್ಳಬಾರದು. ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿತರಾದ ಕ್ಲಿನಿಕಲ್ ಸೈಕಾಲಜಿಸ್ಟ್ ಒಬ್ಬರ ಮೇಲ್ವಿಚಾರಣೆಯಲ್ಲಿ ಗುಂಪು ನಡೆಸುವುದು ನಿಮಗೂ ಕ್ಷೇಮ.

ನಾನು ಮೊದಲು ಮಾಡಿದ ಎಡವಟ್ಟು ಕೇಳಿ. ಗುಂಪಿನ ಮೊದಲ ದಿನಕ್ಕೆಂದು ಮೂರು ರಾತ್ರಿ ಕೂತು ಒಂದು ಪಾಳುಕೋಟೆ ಕಟ್ಟಿದ್ದೆ. ಬಾಗಿಲು ತಟ್ಟಿದರೆ ಕಿರ್ರನೆ ತೆರೆಯುತ್ತಿತ್ತು, ಪಂಜು ಹಿಡಿದವನ ಸುತ್ತ ಮಾತ್ರ ಬೆಳಕು, ಹಿನ್ನೆಲೆಯಲ್ಲಿ ಮಳೆಯ ಸದ್ದು. ನಾಲ್ಕು ಮಕ್ಕಳು ನಲವತ್ತು ನಿಮಿಷ ಆ ಕೋಟೆಯೊಳಗೆ ಬಿಲ್ಲೆ ಎಳೆದಾಡಿದರು. ಬಹಳ ಚೆನ್ನಾಗಿತ್ತೆಂದು ನಾನು ಬೀಗುತ್ತಿದ್ದೆ. ಆಟ ಮುಗಿದ ಮೇಲೆ ಸೈಕಾಲಜಿಸ್ಟ್ ಒಂದೇ ಪ್ರಶ್ನೆ ಕೇಳಿದರು: “ಇವತ್ತು ಅವರು ಒಬ್ಬರಿಗೊಬ್ಬರು ಎಷ್ಟು ಮಾತಾಡಿದ್ರು?” ಯೋಚಿಸಿ ನೋಡಿದರೆ, “ನಾನು ಎಡಕ್ಕೆ ಹೋಗ್ತೀನಿ” ಅನ್ನುವುದನ್ನು ಬಿಟ್ಟು ಒಂದೂ ಮಾತಿರಲಿಲ್ಲ. ಅದೂ ನನಗೆ ಹೇಳಿದ್ದು, ಒಬ್ಬರಿಗೊಬ್ಬರು ಅಲ್ಲ. ಕೋಟೆಯಲ್ಲಿ ಏನಿದೆ ಅನ್ನುವುದು ಪರದೆಯಲ್ಲೇ ಕಾಣುತ್ತಿದ್ದಾಗ ಅವರು ಯಾರನ್ನು ಏನು ಕೇಳಬೇಕಿತ್ತು? ನಾನು ಮಾತಿನ ಆಟವನ್ನು ವಿಡಿಯೊ ಗೇಮ್ ಮಾಡಿಬಿಟ್ಟಿದ್ದೆ.

ಮುಂದಿನ ವಾರ ಒಂದು ಬೋಳು ಹಾಳೆ ಹಾಕಿದೆ. ಅದರ ಮೇಲೆ ಒಂದು ಬಾಗಿಲು, ಒಂದು ಒಲೆ, ಒಂದು ಉದ್ದ ಮೇಜು. “ಇದು ದಾರಿ ಬದಿಯ ಛತ್ರ. ಒಳಗೆ ಬಂದಾಗ ಮೊದಲು ಯಾವ ವಾಸನೆ ಬರ್ತದೆ?” ಅಂದೆ. ಅರ್ಧ ನಿಮಿಷ ಮೌನ. ಆನ್‌ಲೈನಿನಲ್ಲಿ ಅರ್ಧ ನಿಮಿಷ ಬಹಳ ಉದ್ದ. ಆಮೇಲೆ ಒಬ್ಬಳು “ಒಗ್ಗರಣೆ” ಅಂದಳು. ಇನ್ನೊಬ್ಬ “ಸೀದದ್ದು” ಅಂದ. ಸೀದದ್ದು ಯಾಕೆ, ಅಡುಗೆಯವನು ಎಲ್ಲಿ ಹೋದ ಅನ್ನುವುದೇ ಆ ದಿನದ ಕತೆಯಾಯಿತು.

ಹಾಗಾದರೆ ಬಿಲ್ಲೆ, ನಕ್ಷೆ ಬೇಡವೇ ಬೇಡವೇ? ಬೇಕು, ಬೇರೆ ಕಾರಣಕ್ಕೆ. ಹದಿನಾಲ್ಕರ ಹುಡುಗನೊಬ್ಬ ಪ್ರತಿ ವಾರ ಛತ್ರಕ್ಕೆ ಬಂದ ಕೂಡಲೇ ತನ್ನ ಬಿಲ್ಲೆಯನ್ನು ಎಳೆದು ಗೋಡೆಯ ಮೂಲೆಯಲ್ಲಿಡುತ್ತಿದ್ದ. ಕ್ಯಾಮೆರಾ ಆಫ್, ಮೈಕ್ ಆಫ್. ನಾನು ಕರೆಯಲು ಹೋದೆ, ಸೈಕಾಲಜಿಸ್ಟ್ ತಡೆದರು. ಬದಲಿಗೆ ಛತ್ರದ ನಾಯಿಯ ಬಿಲ್ಲೆಯೊಂದನ್ನು ತಂದು ಅವನ ಪಕ್ಕದ ಚೌಕದಲ್ಲಿಟ್ಟು “ನಾಯಿ ಸುಮ್ಮನೆ ಕೂತಿದೆ” ಅಂದೆ, ಅಷ್ಟೆ. ಮೂರು ವಾರ ನಾಯಿಯೂ ಅವನೂ ಮೂಲೆಯಲ್ಲೇ. ನಾಲ್ಕನೇ ವಾರ ಚಾಟಿನಲ್ಲಿ ಒಂದು ಸಾಲು ಬಂತು: ‘ಅದರ ಹೆಸರು ಬೂದಿ.’ ಆರನೇ ವಾರ ಎರಡು ಬಿಲ್ಲೆಗಳೂ ಒಂದೊಂದೇ ಚೌಕ ಸರಿಯುತ್ತ ಮೇಜಿನ ತುದಿಗೆ ಬಂದವು, ಮೈಕ್ ಆನ್ ಆಯಿತು, “ಬೂದಿಗೆ ಹಸಿವಾಗಿದೆ, ಏನಾದ್ರೂ ಇದ್ಯಾ?” ಅಂದ. ವಿಡಿಯೊ ಕರೆಯಲ್ಲಿ ಎಲ್ಲರ ಮುಖವೂ ಒಂದೇ ಅಳತೆಯ ಚೌಕ, ಯಾರು ಯಾರಿಂದ ದೂರ ಅನ್ನುವುದು ಅಲ್ಲಿ ಕಾಣುವುದಿಲ್ಲ. ನಕ್ಷೆಯ ಮೇಲೆ ಅದು ಕಾಣುತ್ತದೆ. ಪ್ರತಿ ಆಟದ ಮೊದಲಲ್ಲೂ ಕೊನೆಯಲ್ಲೂ ಬಿಲ್ಲೆಗಳು ಎಲ್ಲಿದ್ದವೆಂದು ಒಂದು ಸ್ಕ್ರೀನ್‌ಶಾಟ್ ತೆಗೆದಿಡಿ, ಹೆಸರಿಲ್ಲದೆ. ನಿಮ್ಮ ಟಿಪ್ಪಣಿಗೆ ಅದಕ್ಕಿಂತ ಒಳ್ಳೆಯ ಚಿತ್ರ ಸಿಗದು.

ಇದಕ್ಕೆ ಬೇಕಾದಷ್ಟೇ ಇರುವ ಸಾಫ್ಟ್‌ವೇರ್ ಅಂದರೆ ನನ್ನ ಆಯ್ಕೆ ‘ಔಲ್‌ಬೇರ್ ರೋಡಿಯೋ’. ಹಾಳೆ, ಬಿಲ್ಲೆ, ಗೀಚಲು ಪೆನ್ಸಿಲ್, ದಾಳ. ನೀವು ಮಾತ್ರ ಖಾತೆ ತೆರೆದರೆ ಸಾಕು. ಮಕ್ಕಳು ಲಿಂಕ್ ಒತ್ತಿ ಒಂದು ಅಡ್ಡಹೆಸರು ಹಾಕಿಕೊಂಡು ಒಳಗೆ ಬರುತ್ತಾರೆ. ಇದನ್ನು ಸಣ್ಣ ಅನುಕೂಲವೆಂದುಕೊಳ್ಳಬೇಡಿ. ರೋಲ್20ಯಲ್ಲಿ ಪ್ರತಿಯೊಬ್ಬರೂ ಇಮೇಲ್ ಕೊಟ್ಟು ಖಾತೆ ತೆರೆಯಬೇಕು, ಆಡಿದ ಚಾಟೆಲ್ಲ ಅಳಿಸುವ ತನಕ ಅಲ್ಲೇ ಕೂತಿರುತ್ತದೆ. ಮಗ ಆಟದ ಪುಟ್ಟ ರಾಕ್ಷಸನೊಬ್ಬನ ಬಗ್ಗೆ ‘ಕೊಂದುಬಿಡ್ತೀನಿ ಆ ಗಾಬ್ಲಿನ್‌ನ’ ಎಂದು ಬರೆದದ್ದು ಉಳಿದರೆ ಯಾರಿಗೂ ನಷ್ಟವಿಲ್ಲ. ನಿಮ್ಮ ಗುಂಪಿನ ಹುಡುಗಿಯೊಬ್ಬಳು ತನ್ನ ಪಾತ್ರದ ಬಾಯಲ್ಲಿ ತನ್ನ ಮನೆಯದೇ ಸಂಗತಿ ಬರೆದರೆ ಅದು ಚಿಕಿತ್ಸೆಯ ದಾಖಲೆ, ಅದು ಇನ್ಯಾವುದೋ ದೇಶದ ಸರ್ವರಿನಲ್ಲಿ ಬಿದ್ದಿರಬಾರದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ತುಂಬದವರನ್ನೆಲ್ಲ ಮಕ್ಕಳೆಂದೇ ಎಣಿಸುತ್ತದೆ, ಅವರ ಮಾಹಿತಿ ಮುಟ್ಟಲು ಪೋಷಕರ ಒಪ್ಪಿಗೆ ಕೇಳುತ್ತದೆ. ಒಪ್ಪಿಗೆ ಪತ್ರದಲ್ಲಿ ಯಾವ ಸಾಫ್ಟ್‌ವೇರ್, ಅದರಲ್ಲಿ ಏನು ಉಳಿಯುತ್ತದೆ, ಯಾವಾಗ ಅಳಿಸುತ್ತೀರಿ ಅನ್ನುವುದನ್ನೂ ಬರೆಯಿರಿ. ಸೆಷನ್ ರೆಕಾರ್ಡ್ ಮಾಡಲೇಬೇಡಿ. ಮುಂದೆ ಗುಂಪು ಬೆಳೆದು, ಮಾಹಿತಿ ನಿಮ್ಮ ಕೈಯಲ್ಲೇ ಇರಬೇಕೆನಿಸಿದರೆ ಆಗ ಫೌಂಡ್ರಿ ನೋಡಿ. ಅಲ್ಲಿ ಆಟಗಾರರ ಹೆಸರು, ಪಾಸ್‌ವರ್ಡ್ ನೀವೇ ಮಾಡಿಕೊಡಬಹುದು, ಇಮೇಲಿನ ಹಂಗಿಲ್ಲ. ಆದರೆ ಫೋನಿನಲ್ಲಿ ಸೇರುವ ಮಗುವಿದ್ದರೆ ಅದನ್ನು ಮರೆತುಬಿಡಿ. ಅದು ದೊಡ್ಡ ಪರದೆಗೆಂದೇ ಮಾಡಿದ್ದು.

ಫೋನಿನ ಮಾತು ಬಂದದ್ದಕ್ಕೆ: ಐವರಲ್ಲಿ ಇಬ್ಬರಾದರೂ ಫೋನಿನಲ್ಲೇ, ಮೊಬೈಲ್ ಡೇಟಾದಲ್ಲೇ ಬರುತ್ತಾರೆ ಎಂದು ಲೆಕ್ಕ ಹಾಕಿಕೊಳ್ಳಿ. ಚೌಕಕ್ಕೆ 70 ಪಿಕ್ಸೆಲ್‌ನಂತೆ 30 ಚೌಕ ಅಗಲ, 20 ಚೌಕ ಎತ್ತರದ ಹಾಳೆ 2100 ಗುಣಿಸು 1400 ಪಿಕ್ಸೆಲ್ ಆಗುತ್ತದೆ. ಅದನ್ನು ಜೆಪಿಜಿ ಮಾಡಿ ಒಂದು ಎಂಬಿಯೊಳಗೆ ಇಳಿಸಿ. ಅಂತರ್ಜಾಲದಲ್ಲಿ ಸಿಗುವ ಅಂದದ ನಕ್ಷೆಗಳು ಹತ್ತು ಹದಿನೈದು ಎಂಬಿ ಇರುತ್ತವೆ. ಒಬ್ಬನ ಪರದೆ ಬಿಳಿಯಾಗಿ ನಿಂತರೆ ಆ ಹುಡುಗ ಏನೂ ಹೇಳದೆ ಕೂತಿರುತ್ತಾನೆ. ಅದು ಸಂಕೋಚವೆಂದು ನೀವು ಟಿಪ್ಪಣಿ ಬರೆದುಕೊಂಡಿರುತ್ತೀರಿ.

ದಾಳದ ಬಗ್ಗೆಯೂ ಒಂದು ಮಾತು. ಸಾಫ್ಟ್‌ವೇರಿನ ದಾಳದಲ್ಲಿ ಸತತ ಮೂರು ಸಲ 1 ಬಿದ್ದದ್ದಕ್ಕೆ ಒಬ್ಬ ಹುಡುಗ “ಕಂಪ್ಯೂಟರ್‌ಗೂ ನಾನಂದ್ರೆ ಆಗಲ್ಲ” ಅಂದ. 20 ಮುಖದ ದಾಳದಲ್ಲಿ ಹಾಗಾಗುವುದು 8,000ದಲ್ಲಿ ಒಂದು ಸಲ. ಲೆಕ್ಕ ಹೇಳಿ ಅವನನ್ನು ಸಮಾಧಾನ ಮಾಡಲಾಗಲಿಲ್ಲ. ಮರುವಾರ ಅವನು ಮನೆಯಲ್ಲೇ ನಿಜವಾದ ದಾಳ ಉರುಳಿಸಿ ನಮಗೆ ಸಂಖ್ಯೆ ಹೇಳಲಿ ಎಂದು ಬಿಟ್ಟೆವು. ನಿಜ ಹೇಳುತ್ತಾನೋ ಇಲ್ಲವೋ ಅನ್ನುವ ಅನುಮಾನ ನನಗಿತ್ತು. ಎರಡನೇ ಸರದಿಗೇ “ನಾಲ್ಕು” ಅಂದ, ಸೋತ, ನಕ್ಕ. ಸ್ವಂತ ಕೈಯಿಂದ ಬಿದ್ದ ನಾಲ್ಕು ಬೇರೆ. ಮೋಜಿನ ಮೇಜಿನಲ್ಲಿ ಹೀಗೆ ಬಿಟ್ಟರೆ ಜಗಳವಾಗುತ್ತದೆ. ನಿಮ್ಮ ಮೇಜಿನಲ್ಲಿ ಸೋಲನ್ನು ಒಪ್ಪಿಕೊಳ್ಳುವುದೇ ಒಂದು ಗುರಿಯಾಗಿರಬಹುದು.

ಇನ್ನು ‘ನಿಲ್ಲಿಸಿ’ ಅನ್ನುವ ದಾರಿ. ಪಾತ್ರದ ನೋವು ಆಡುವವರಿಗೇ ತಟ್ಟಿಬಿಡುವುದು ಈ ಆಟದ ಗುಣ. ಅದಕ್ಕೇ ಆಟ ಶುರುವಾಗುವ ಮೊದಲು ‘ಸೆಷನ್ ಝೀರೋ’ ಎಂದು ಕೂತು, ಕತೆಯಲ್ಲಿ ಏನು ಬರಲೇಬಾರದು, ಏನು ತೆರೆಮರೆಯಲ್ಲಿ ಮಾತ್ರ ಇರಬೇಕು ಎಂದು ಮಾತಾಡಿಕೊಳ್ಳುತ್ತಾರೆ. ಆಟದ ನಡುವೆಯೂ ಬೇಡವೆನಿಸಿದರೆ ಜಾನ್ ಸ್ಟಾವ್ರೋಪೌಲೋಸ್ ರೂಪಿಸಿದ ‘ಎಕ್ಸ್ ಕಾರ್ಡ್’ ಇದೆ. ಮೇಜಿನ ಮೇಲಿನ ಆ ಕಾರ್ಡ್ ಮುಟ್ಟಿದರೆ ಆ ದೃಶ್ಯವನ್ನು ಅಲ್ಲಿಗೇ ಬಿಡುವುದು, ಯಾಕೆಂದು ಯಾರೂ ಕೇಳುವಂತಿಲ್ಲ. ಆನ್‌ಲೈನಿನಲ್ಲಿ ಇದು ಹೇಗೆ? ನಾವು ಮಕ್ಕಳಿಗೆ ಜಿಎಂಗೆ ಮಾತ್ರ ಕಾಣುವಂತೆ ಗುಟ್ಟಾಗಿ ಚಾಟ್ ಮಾಡುವುದನ್ನು ಕಲಿಸಿದ್ದೆವು. ಸಾಲಿನ ಮೊದಲಿಗೆ ಒಂದು ಓರೆಗೆರೆ, ಆಮೇಲೆ ಎರಡು ಪುಟ್ಟ ಸಂಕೇತ. ಒಂದು ದಿನ ಹುಡುಗಿಯೊಬ್ಬಳು ಓರೆಗೆರೆ ಹಾಕಲು ಮರೆತಳು. ‘ನನಗೆ ಈ ಕತ್ತಲೆ ಕೋಣೆ ಬೇಡ’ ಅನ್ನುವ ಸಾಲು ಎಲ್ಲರ ಪರದೆಯ ಮೇಲೂ ಬಿತ್ತು. ಅವಳು ಕರೆಯಿಂದಲೇ ಹೊರಟುಹೋದಳು, ಮರಳಿ ಬರಲು ಎರಡು ವಾರ ಹಿಡಿಯಿತು. ಗಾಬರಿಯಾದ ಮಗು ಓರೆಗೆರೆ ನೆನಪಿಟ್ಟುಕೊಳ್ಳಲಿ ಎಂದು ಬಯಸಿದ ತಪ್ಪು ನಮ್ಮದೇ.

ಈಗ ನಮ್ಮ ಹಾಳೆಯ ಮೂಲೆಯಲ್ಲಿ ಒಂದು ಕೆಂಪು ಬಿಲ್ಲೆ ಸದಾ ಇರುತ್ತದೆ. ಯಾರು ಬೇಕಾದರೂ ಅದನ್ನು ಮಧ್ಯಕ್ಕೆ ಎಳೆಯಬಹುದು. ಎಳೆದ ತಕ್ಷಣ ನಾನು ದೃಶ್ಯ ಬದಲಿಸುತ್ತೇನೆ, ಬೆಳಗಾಗಿಬಿಡುತ್ತದೆ ಅಥವಾ ಮಳೆ ಬರುತ್ತದೆ. ಪ್ರತಿ ವಾರ ಮೊದಲ ಹತ್ತು ನಿಮಿಷದೊಳಗೆ ನಾನೇ ಒಂದು ಸಲ, ಏನೂ ಕಾರಣವಿಲ್ಲದೆ, ಅದನ್ನು ಎಳೆಯುತ್ತೇನೆ. ಜಿಎಂ ಕೂಡ ಎಳೆಯುತ್ತಾನೆ ಅಂದ ಮೇಲೆ ಅದು ನಾಚಿಕೆಯ ಬಿಲ್ಲೆಯಾಗಿ ಉಳಿಯಲಿಲ್ಲ.

ಕ್ಯಾಮೆರಾ ಹಾಕಲೇಬೇಕೆಂದು ಹಟ ಮಾಡಬೇಡಿ. ಮುಖ ತೋರಿಸದೆ ಮಾತಾಡಬಹುದು ಅನ್ನುವುದೇ ಕೆಲವು ಮಕ್ಕಳನ್ನು ಇಲ್ಲಿಗೆ ಕರೆತರುತ್ತದೆ. ಆದರೆ ಪ್ರತಿ ಸಲವೂ ಆ ಹೊತ್ತಿಗೆ ಮಗು ಎಲ್ಲಿದೆ, ಮನೆಯಲ್ಲಿ ಯಾವ ದೊಡ್ಡವರಿದ್ದಾರೆ, ಅವರ ಫೋನ್ ಸಂಖ್ಯೆ ಏನು ಎಂದು ಗೊತ್ತಿರಲಿ. ಮಗು ಹೆಡ್‌ಫೋನ್ ಹಾಕಿಕೊಳ್ಳಲಿ, ಪೋಷಕರು ಕೋಣೆಯಲ್ಲಿ ಕೂರಬಾರದು, ಬಾಗಿಲು ಬೀಗ ಹಾಕಿರಬಾರದು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ ಸಂಖ್ಯೆ 14416 ಅನ್ನು ಮೊದಲ ದಿನವೇ ಎಲ್ಲ ಮನೆಗಳಿಗೂ ಕೊಟ್ಟಿರಿ.

ಐದು ಮಕ್ಕಳು ಸರಿಯಾದ ಸಂಖ್ಯೆ, ಆರಕ್ಕೆ ಹೋಗಬೇಡಿ. ನಿಮ್ಮ ಮಗ ನಾಲ್ಕು ತಾಸು ಆಡುತ್ತಾನೇನೋ. ನೀವು ಒಂದೂವರೆ ತಾಸಿಗೆ ನಿಲ್ಲಿಸಿ, ಅದರಲ್ಲಿ ಕೊನೆಯ ಕಾಲು ತಾಸು ಆಟದಿಂದ ಹೊರಬಂದು ಮಾತು. ಕೊನೆಗೆ ಎಲ್ಲರೂ ಪಾತ್ರದ ಹೆಸರು ಬಿಟ್ಟು ಸ್ವಂತ ಹೆಸರು ಹೇಳಿ ಹೊರಡಲಿ. ಚಟದ ಭಯಕ್ಕೆ ಇಲ್ಲೇ ಉತ್ತರವಿದೆ: ಈ ಆಟ ಒಬ್ಬರೇ ರಾತ್ರಿಯಿಡೀ ಆಡುವಂಥದ್ದಲ್ಲ, ಗುಂಪು ಕೂಡಿದಾಗ ಶುರುವಾಗಿ ಗುಂಪು ಎದ್ದಾಗ ಮುಗಿಯುತ್ತದೆ. ಗುಂಪಿನ ಹೊರಗೆ ಬೇರೆ ಆಟಗಳಲ್ಲಿ ಮುಳುಗುವ ಮಗುವಿದ್ದರೆ ಅದು ಬೇರೆಯೇ ಸಮಸ್ಯೆ, ಅದಕ್ಕೆಂದು ನಿಮ್ಹಾನ್ಸ್‌ನಲ್ಲಿ 2014ರಿಂದ ‘ಷಟ್’ ಕ್ಲಿನಿಕ್ ಇದೆ.

ನಿಯಮಗಳನ್ನು ಕನ್ನಡದಲ್ಲೇ ಇಟ್ಟುಕೊಳ್ಳಿ. 2023ರ ಜನವರಿಯಲ್ಲಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ ಮೂಲ ನಿಯಮಗಳ ಕಡತವನ್ನು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಬಿಟ್ಟರು. ಎಲ್ಲಿಂದ ತೆಗೆದುಕೊಂಡದ್ದೆಂದು ನಮೂದಿಸಿದರೆ ಅದನ್ನು ಅನುವಾದಿಸಿ, ಕತ್ತರಿಸಿ, ಹಂಚಬಹುದು. ಅಷ್ಟೂ ನಿಯಮ ನಿಮಗೆ ಬೇಡ: ‘20ರ ದಾಳ ಹಾಕು, ನಿನಗೆ ಚೆನ್ನಾಗಿ ಬರುವ ಕೆಲಸವಾದರೆ 3 ಕೂಡು, 12 ದಾಟಿದರೆ ಗೆದ್ದೆ.’ ಮೊದಲ ತಿಂಗಳಿಗೆ ಇಷ್ಟೇ ಸಾಕು. ಬಿಲ್ಲೆಗಳಿಗೆ ಕನ್ನಡದಲ್ಲೇ ಹೆಸರು ಹಾಕಿ.

ನೀವೇ ಜಿಎಂ ಆಗಿ, ನೀವೇ ಸಮಾಲೋಚಕಿಯೂ ಆಗಿ ಒಬ್ಬರೇ ನಡೆಸಲು ಹೋಗಬೇಡಿ. ಗಾಬ್ಲಿನ್‌ನ ದನಿಯಲ್ಲಿ ಕಿರುಚುತ್ತಿರುವಾಗ ಮೂಲೆಯಲ್ಲಿ ಕೂತ ಬಿಲ್ಲೆ ಕಣ್ಣಿಗೆ ಬೀಳುವುದಿಲ್ಲ. ಆಟ ನಡೆಸಲು ನಿಮ್ಮ ಮಗನನ್ನು ಕರೆಯುವ ಆಸೆಯಾದೀತು; ನಿಮ್ಮ ಬಳಿ ಬರುವ ಮಕ್ಕಳ ಗುಟ್ಟು ನಿಮ್ಮ ಮನೆಯವರ ಕಿವಿಗೆ ಬೀಳಬಾರದು, ಬೇರೆಯವರನ್ನು ಹುಡುಕಿ. ಮಗನಿಂದ ಆಗಬೇಕಾದ ಕೆಲಸ ಬೇರೆ ಇದೆ. ಮಕ್ಕಳನ್ನು ಕೂರಿಸುವ ಮೊದಲು ನೀವು ಒಂದೆರಡು ಶನಿವಾರ ಅವನ ಮೇಜಿನಲ್ಲಿ ಒಂದು ಜಾಗ ಕೇಳಿ, ಸುಮ್ಮನೆ ನೋಡುವುದಕ್ಕಲ್ಲ, ಪಾತ್ರ ಹಿಡಿದು ಆಡುವುದಕ್ಕೆ. ಐದು ಜನ ಅಪರಿಚಿತ ಹುಡುಗರು “ಆಂಟಿ, ನಿಮ್ಮ ಸರದಿ” ಅಂದಾಗ ನಿಮ್ಮ ಬಾಯಿ ಎಷ್ಟು ಹೊತ್ತಿಗೆ ಬಿಡುತ್ತದೆ ಎಂದು ಗಡಿಯಾರ ನೋಡಿ ಬರೆದಿಟ್ಟುಕೊಳ್ಳಿ.